ಅಮ್ಮನ ರಂಗೋಲಿಗೊಂದು ಬಾಗಿಲು

ಅಮ್ಮನಿಗೆ ನಾನು ವೆಬ್‌ಸೈಟ್ ಮಾಡಿಕೊಟ್ಟದ್ದು ಸಿಟ್ಟಿನಿಂದ. ಪ್ರೀತಿಯಿಂದ ಎಂದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಆ ಹೊತ್ತಿಗೆ ನನ್ನೊಳಗೆ ಕುದಿಯುತ್ತಿದ್ದದ್ದು ಸಿಟ್ಟೇ. ಜೋಗೇಶ್ವರಿಯ ಬಾಡಿಗೆ ಬಿಲ್ಡಿಂಗಿನ ಸೆಕ್ರೆಟರಿಯ ಮೇಲೆ, ಅವನ ನುಣ್ಣನೆಯ ಟೈಲ್ಸಿನ ನೆಲದ ಮೇಲೆ, ಎದುರು ಮಾತಾಡದೆ ಒಳಗೆ ಬಂದುಬಿಟ್ಟ ಅಮ್ಮನ ಮೇಲೆ ಕೂಡ.

ನಾವು ಚೆಂಬೂರಿನವರು. ಅಪ್ಪ ಮಂಡ್ಯದ ಕಡೆಯಿಂದ ಅಲ್ಲಿನ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಬಂದವರು. ಮದುವೆಯಾಗಿ ಅಮ್ಮನನ್ನು ಕರೆತಂದು, ನಾಲ್ಕು ಮಹಡಿಯ ಹಳೆಯ ಬಿಲ್ಡಿಂಗೊಂದರ ನೆಲಮಹಡಿಯಲ್ಲಿ ಸಂಸಾರ ಹೂಡಿದರು. ನಾನು ಹುಟ್ಟಿ ಬೆಳೆದದ್ದೂ, ಮದುವೆ ಬೇಡವೆಂದು ಹಟ ಹಿಡಿದು ಅಪ್ಪ ಅಮ್ಮನ ಜೊತೆಯಲ್ಲೇ ಉಳಿದುಕೊಂಡದ್ದೂ ಅದೇ ಮನೆಯಲ್ಲಿ. ಮೆಟ್ಟಿಲಿಳಿದು ಹೊರಗೆ ಹೋಗುವವರೆಲ್ಲ ನಮ್ಮ ಬಾಗಿಲನ್ನು ದಾಟಿಯೇ ಹೋಗಬೇಕಿತ್ತು. ಅಮ್ಮ ಬೆಳಕು ಹರಿಯುವ ಮೊದಲೇ ಎದ್ದು, ಬಾಗಿಲ ಮುಂದೆ ಗುಡಿಸಿ ನೀರು ಚಿಮುಕಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರಂಗೋಲಿಗೆ ಬಗ್ಗುತ್ತಿದ್ದಳು. ಮೊದಲು ಚುಕ್ಕಿ, ಆಮೇಲೆ ಎಳೆ. ಕೈ ಎಲ್ಲೂ ನಿಲ್ಲುತ್ತಿರಲಿಲ್ಲ. ಪುಸ್ತಕ ನೋಡಿ ಹಾಕಿದವಳಲ್ಲ, ಹಾಕಿದ್ದನ್ನು ಎಲ್ಲೂ ಬರೆದಿಟ್ಟುಕೊಂಡವಳೂ ಅಲ್ಲ. ಕೇಳಿದರೆ "ಕೈಗೆ ಬರುತ್ತೆ, ಹಾಕ್ತೀನಿ, ಅದಕ್ಕೇನು ಬರೆದಿಡೋದು" ಎನ್ನುತ್ತಿದ್ದಳು. ಮೂರನೇ ಮಹಡಿಯ ಮರಾಠಿ ಕಾಕು ಲೋಕಲ್ ಹಿಡಿಯಲು ಓಡುತ್ತಿದ್ದರೂ ಒಂದು ಗಳಿಗೆ ನಿಂತು, "ಆಜ್ ಛಾನ್ ಝಾಲೀ", ಇವತ್ತು ಚೆನ್ನಾಗಿ ಬಂದಿದೆ, ಎಂದು ತಲೆದೂಗಿ ಹೋಗುತ್ತಿದ್ದರು. ಅಮ್ಮನಿಗೆ ಅಷ್ಟಿದ್ದರೆ ಆ ದಿನಕ್ಕೆ ಸಾಕು. ಅಪ್ಪ ಮಾತ್ರ ಪೇಪರ್ ತರಲು ಹೊರಟವರು ಅದರ ಮೇಲೇ ಕಾಲಿಟ್ಟು, ಬೈಸಿಕೊಂಡು, ಮರುದಿನ ಮತ್ತೆ ಕಾಲಿಡುತ್ತಿದ್ದರು.

ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಯಿತು. ಹೊಸದು ಎದ್ದು ನಿಲ್ಲುವವರೆಗೆ ಎಲ್ಲರೂ ಎಲ್ಲೆಲ್ಲೋ ಬಾಡಿಗೆಗೆ ಚದುರಿದರು. ಕಾಕು ಡೊಂಬಿವಲಿಗೆ, ಪಕ್ಕದ ಮನೆಯವರು ಪನ್ವೇಲಿಗೆ. ನಾನು ಜೋಗೇಶ್ವರಿಯಲ್ಲಿ ಬಾಟಲಿಗಳಿಗೆ ಲೇಬಲ್ ಅಚ್ಚು ಹಾಕುವ ಸಣ್ಣ ಯೂನಿಟ್ಟಿನಲ್ಲಿ ಕಂಪ್ಯೂಟರಿನ ಕೆಲಸ ಮಾಡುತ್ತೇನೆ. ನನ್ನ ಅನುಕೂಲಕ್ಕೆ ಅಲ್ಲೇ ಹದಿನಾಲ್ಕನೇ ಮಹಡಿಯಲ್ಲಿ ಮನೆ ಹಿಡಿದೆವು.

ಅಲ್ಲಿ ಮೊದಲ ಬೆಳಿಗ್ಗೆ ಅಮ್ಮ ಬಾಗಿಲ ಮುಂದೆ ಹಾಕಿದ ರಂಗೋಲಿ ಒಂದು ಗಂಟೆಯೂ ಬಾಳಲಿಲ್ಲ. ಪ್ಯಾಸೇಜ್ ಒರೆಸುವ ಹೆಂಗಸು ಅದನ್ನೂ ಸೇರಿಸಿ ಒರೆಸಿಕೊಂಡು ಹೋದಳು. ಮರುದಿನ ಸೆಕ್ರೆಟರಿಯೇ ಬಂದ. "ಆಂಟೀಜೀ, ಪ್ಯಾಸೇಜ್ ಕಾಮನ್ ಹೈ. ಆಪ್ ಸ್ಟಿಕರ್ ಲಗಾ ಲೀಜಿಯೇ ನಾ" ಎಂದು ನಯವಾಗಿಯೇ ಹೇಳಿದ. ಪುಡಿ ಎಲ್ಲರ ಚಪ್ಪಲಿಗೆ ಹತ್ತಿ ಲಿಫ್ಟಿನವರೆಗೂ ಹೋಗುತ್ತದಂತೆ, ರಂಗೋಲಿಯ ಸ್ಟಿಕರ್ ಅಂಟಿಸಿಕೊಂಡರೆ ಆಯಿತಂತೆ. ನಾನು ಜಗಳಕ್ಕೆ ನಿಂತೆ. ಅಮ್ಮ ನನ್ನ ತೋಳು ಹಿಡಿದು ಒಳಗೆಳೆದು ಬಾಗಿಲು ಹಾಕಿದಳು.

"ನಿಮ್ಮ ಫ್ಯಾಕ್ಟರೀಲೇ ಒಂದು ಮಾಡಿಸ್ಕೊಂಡು ಬಾ. ಅಂಟಿಸ್ಬಿಡೋಣ. ಎಣ್ಣೆ ಬಾಟ್ಲಿಗೆ ಅಂಟಿಸ್ತೀಯಲ್ಲ, ಹಂಗೇ" ಎಂದಳು. ತಮಾಷೆಗೆ ಹೇಳಿದಂತೆ ಹೇಳಿ ರಂಗೋಲಿ ಡಬ್ಬಿಯನ್ನು ಸಿಂಕಿನ ಕೆಳಗೆ ತಳ್ಳಿದಳು.

ಅದಾದ ಮೇಲೂ ಅಮ್ಮನಿಗೆ ಎಚ್ಚರ ಮಾತ್ರ ಅದೇ ಹೊತ್ತಿಗೆ ಆಗುತ್ತಿತ್ತು. ಎದ್ದು ನಡುಮನೆಯಲ್ಲಿ ಕುರ್ಚಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ನಾನು ಹಲ್ಲುಜ್ಜುತ್ತ ಬಂದು ನೋಡಿದರೆ ಎರಡೂ ಕೈ ಮಡಿಲಲ್ಲಿರುತ್ತಿದ್ದವು. ನಮ್ಮಮ್ಮನ ಕೈ ಖಾಲಿ ಇದ್ದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನಗೆ ಹೆದರಿಕೆಯಾಯಿತು.

ಚೆಂಬೂರಿನ ಮನೆ ಖಾಲಿ ಮಾಡುವಾಗ ಅಪ್ಪ ಅಡುಗೆಕಟ್ಟೆಯ ಕಡಪಾ ಕಲ್ಲಿನ ಒಂದು ತುಂಡನ್ನು, ಯಾವುದಕ್ಕಾದರೂ ಬರುತ್ತದೆ ಎಂದು ಹೊತ್ತು ತಂದಿದ್ದರು. ಅದನ್ನು ಬಾಲ್ಕನಿಯಲ್ಲಿ ಹಾಸಿ, ಇಲ್ಲಿ ಹಾಕು ಎಂದೆ.

"ಇಲ್ಲಿ ಯಾರು ನೋಡ್ತಾರೆ? ಪಾರಿವಾಳನಾ?" ಎಂದಳು. "ರಂಗೋಲಿ ಅಂದ್ರೆ ಬಾಗಿಲು ಬೇಕು ಕಣೆ. ಬರೋರು ಹೋಗೋರು ಇರ್ಬೇಕು."

"ಬರೋರು ಹೋಗೋರು ತಾನೆ ಬೇಕು? ಕರೆಸ್ತೀನಿ ನೋಡ್ತಿರು" ಎಂದೆ. ಹೇಗೆ ಎಂಬುದು ಆಗ ನನಗೂ ಗೊತ್ತಿರಲಿಲ್ಲ.

ಲೇಬಲ್ ಜೋಡಿಸಲು ಬಂದ ಮಾತ್ರಕ್ಕೆ ವೆಬ್‌ಸೈಟ್ ಮಾಡಲು ಬರುವುದಿಲ್ಲ. ಯೂನಿಟ್ಟಿನಲ್ಲಿ ಎಲ್ಲರೂ ರೆಡಿಮೇಡ್ ತಗೋ ಎಂದರು. ನೋಡಿದೆ. ಒಂದೊಂದೂ ಮದುವೆ ಮಂಟಪದ ಹಾಗೆ. ನಿಮ್ಮ ಬಗ್ಗೆ ಬರೆಯಿರಿ, ನಿಮ್ಮ ಸೇವೆಗಳನ್ನು ಬರೆಯಿರಿ, ಗ್ರಾಹಕರ ಮೆಚ್ಚುಗೆ ಹಾಕಿ. ನಮ್ಮಮ್ಮನಿಗೆ ಯಾವ ಗ್ರಾಹಕರು? ನನಗೆ ಬೇಕಿದ್ದದ್ದು ಒಂದು ಹೊಸಿಲು, ಅದರ ಮುಂದೆ ನಾಲ್ಕಡಿ ಜಾಗ, ಅಷ್ಟೇ. ಹಾಗಾಗಿ ಊಟದ ಬಿಡುವಿನಲ್ಲಿ ವಿಡಿಯೋ ನೋಡಿ ನೋಡಿ ನೋಟ್‌ಪ್ಯಾಡಿನಲ್ಲಿ ನಾನೇ ಒಂದೊಂದು ಸಾಲು ಬರೆದೆ. ಎಷ್ಟೋ ದಿನ ಚಿತ್ರವೇ ಕಾಣಲಿಲ್ಲ, ಅದರ ಜಾಗದಲ್ಲಿ ಹರಿದ ಕಾಗದದ ಗುರುತು ಬಂದು ಕೂತಿರುತ್ತಿತ್ತು. ಕೊನೆಗೆ ನೋಡಿದರೆ ಫೈಲಿನ ಹೆಸರನ್ನು ಒಂದು ಕಡೆ ದೊಡ್ಡ ಅಕ್ಷರದಲ್ಲಿ, ಇನ್ನೊಂದು ಕಡೆ ಸಣ್ಣ ಅಕ್ಷರದಲ್ಲಿ ಬರೆದಿದ್ದೆ. ಅಷ್ಟಕ್ಕೇ ಮೊಂಡು ಹಿಡಿದಿತ್ತು. ಅದನ್ನು ಬೈದ ಬೈಗುಳ ಯೂನಿಟ್ಟಿನವರಿಗೆಲ್ಲ ಬಾಯಿಪಾಠವಾಯಿತು.

ಪುಟದ ನೆಲಕ್ಕೆ ಬಣ್ಣ ಆರಿಸಲು ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಮೈಸೂರು ಕಡೆಯ ತವರಿನಲ್ಲಿ ಹಬ್ಬಕ್ಕೆ ಕೆಮ್ಮಣ್ಣು ಸಾರಿಸಿ ಅದರ ಮೇಲೆ ರಂಗೋಲಿ ಹಾಕುತ್ತಿದ್ದರು, ಅದೇ ಬಣ್ಣ ಬೇಕೆಂದಳು. ನಾನು ಒಂದೊಂದೇ ಕೆಂಪು ತೋರಿಸುತ್ತ ಹೋದೆ.

"ಇದು ಇಟ್ಟಿಗೆ. ಇದು ಟೊಮೇಟೊ ಸಾರು. ಇದು ನಿಮ್ಮ ಚಿಕ್ಕಮ್ಮನ ಹಳೇ ಸೀರೆ, ಬೇಡ. ಹಾಂ, ಇರು ಇರು, ಇದೇ."

ಸೈಟಿನ ವಿಳಾಸದಲ್ಲಿ ತನ್ನ ಹೆಸರು ಬೇಡವೇ ಬೇಡ ಎಂದಳು. ಚೆಂಬೂರಿನ ಮನೆಯ ನಂಬರನ್ನೇ ವಿಳಾಸವಾಗಿ ಇಟ್ಟೆ. ಅಷ್ಟು ಹೊತ್ತಿಗೆ ಆ ಮನೆಯ ಗೋಡೆಗಳು ನೆಲಸಮವಾಗಿದ್ದವು.

ಅಮ್ಮ ಬಾಲ್ಕನಿಯ ಕಲ್ಲಿನ ಮೇಲೆ ಹಾಕಿದ ಮೊದಲ ರಂಗೋಲಿಯ ಫೋಟೋ ಏರಿಸಿದೆ, ಹಳೆಯ ಬಿಲ್ಡಿಂಗಿನವರ ವಾಟ್ಸಾಪ್ ಗ್ರೂಪಿಗೆ ಲಿಂಕ್ ಕಳಿಸಿದೆ. ಒಂದು ವಾರ ಕಳೆದ ಮೇಲೆ ನನಗೆ ಇನ್ನೊಂದು ಬುದ್ಧಿ ಬಂತು. ಆವರೆಗೆ ಹಾಕಿದ್ದನ್ನೆಲ್ಲ ಸಾಲಾಗಿ ಜೋಡಿಸಿ, "ಹಿಂದಿನವು" ಎಂದು ಇನ್ನೊಂದು ಪುಟ ಮಾಡಿ, ಬಹಳ ಹೆಮ್ಮೆಯಿಂದ ಅಮ್ಮನಿಗೆ ತೋರಿಸಿದೆ. ಅಮ್ಮನ ಮುಖ ಕೆಂಪಾಯಿತು.

"ಏನೇ ಇದು? ನಿನ್ನೇದು, ಮೊನ್ನೇದು ಎಲ್ಲಾ ಹಂಗೇ ಬಿದ್ದಿದೆ? ಗುಡಿಸ್ಲೇ ಇಲ್ವಾ?"

"ಇದು ಬಾಗಿಲಲ್ಲಮ್ಮ, ಕಂಪ್ಯೂಟರು."

"ನೀನೇ ತಾನೆ ಬಾಗಿಲು ಅಂದಿದ್ದು? ನಿನ್ನೆ ರಂಗೋಲಿ ಬಾಗಿಲಲ್ಲಿ ಹಂಗೇ ಇದ್ರೆ ಏನಂತಾರೆ? ಹಳಸಿದ ಅನ್ನ ಯಾರಾದ್ರೂ ಎಲೆಗೆ ಬಡಿಸ್ತಾರಾ? ಹಳೇದು ಅಳಿಸಿ ಹೊಸದು ಹಾಕು. ಇಲ್ಲಾಂದ್ರೆ ನಾನು ಹಾಕೋದೇ ಇಲ್ಲ."

ಎರಡು ದಿನ ನಾವು ಮಾತು ಬಿಟ್ಟೆವು. ಮೂರನೆಯ ದಿನ ಕಲ್ಲು ಖಾಲಿ ಇತ್ತು, ಅಮ್ಮ ಕುರ್ಚಿಯಲ್ಲಿದ್ದಳು. ನಾನು ಸೋತೆ. "ಹಿಂದಿನವು" ಪುಟವನ್ನು ಕಿತ್ತು ಹಾಕಿದೆ, ಫೋನಿನಲ್ಲಿದ್ದ ಫೋಟೋಗಳನ್ನೂ ಅಳಿಸಿದೆ. ಅಲ್ಲಿ ಇಲ್ಲಿ ನೋಡಿ ಅಪ್‌ಲೋಡಿಗೆಂದೇ ಒಂದು ಪುಟ್ಟ ಪುಟ ಬರೆದುಕೊಂಡೆ. ಅದನ್ನು ತೆರೆದರೆ ಫೋನಿನ ಕ್ಯಾಮೆರಾ ತೆರೆದುಕೊಳ್ಳುತ್ತಿತ್ತು. ತೆಗೆದ ಚಿತ್ರ ಫೋನಿನಲ್ಲಿ ನಿಲ್ಲದೆ ನೇರ ಸೈಟಿಗೆ ಹೋಗಿ, ಅದೇ ಹೆಸರಿನಲ್ಲಿ, ಹಳೆಯದರ ಜಾಗದಲ್ಲಿ ಕೂರುತ್ತಿತ್ತು. ಕೂರುವ ಮೊದಲು "ನಿನ್ನೆಯದನ್ನು ಅಳಿಸಲೇ?" ಎಂದು ಕೇಳುವಂತೆ ಮಾಡಿದ್ದೆ. ಕೆಳಗೆ "ಹೂಂ" ಎಂಬ ಗುಂಡಿ. ಅದನ್ನು ಒತ್ತುವುದು ಅಮ್ಮನ ಕೆಲಸ. ಪುಡಿ ಹತ್ತಿದ ಬೆರಳಿನಿಂದಲೇ ಒತ್ತಿ ನನ್ನ ಫೋನಿನ ಗಾಜನ್ನು ಬೆಳ್ಳಗೆ ಮಾಡುತ್ತಿದ್ದಳು.

ಆ ಎತ್ತರದಲ್ಲಿ ಗಾಳಿ ಬಹಳ. ಅಮ್ಮ ಕೊನೆಯ ಎಳೆ ಮುಗಿಸಿ ಕೈ ಎತ್ತುವುದಕ್ಕೂ ನಾನು ಫೋಟೋ ತೆಗೆಯುವುದಕ್ಕೂ ಸರಿಹೋಗಬೇಕು, ತಡವಾದರೆ ಒಂದು ಮೂಲೆ ಹಾರಿಯೇ ಹೋಗುತ್ತಿತ್ತು. "ತೆಗಿಯೇ, ತೆಗಿಯೇ" ಎಂದು ಅವಳು, "ನಿನ್ನ ತಲೆ ನೆರಳು ಬೀಳ್ತಿದೆ, ಪಕ್ಕಕ್ಕೆ ಸರಿ" ಎಂದು ನಾನು. ಇಷ್ಟು ಗಲಾಟೆಯ ನಡುವೆ ಅಪ್ಪ ಪೇಪರ್ ಹಿಡಿದು ಕೂತಿರುತ್ತಿದ್ದರು. ಅವರ ಫೋನಿನಲ್ಲೂ ನಾನು ಆ ಪುಟ ಇಟ್ಟುಕೊಟ್ಟಿದ್ದೆ. ಒಮ್ಮೆಯೂ ತೆರೆದವರಲ್ಲ. "ಬಾಲ್ಕನೀಲೇ ಇದ್ಯಲ್ಲಮ್ಮ, ಫೋನಲ್ಲಿ ಬೇರೆ ಯಾಕೆ" ಎನ್ನುತ್ತಿದ್ದರು.

ಬರೋರು ಹೋಗೋರು ನಿಜಕ್ಕೂ ಬಂದರು. ಕಾಕು ಡೊಂಬಿವಲಿಯ ಲೋಕಲಿನಲ್ಲಿ ನಿಂತೇ ನೋಡಿ ಗ್ರೂಪಿನಲ್ಲಿ "ಛಾನ್" ಎಂದು ಹಾಕುತ್ತಿದ್ದರು. ಪನ್ವೇಲಿನವರು ಇವತ್ತಿನದು ನವಿಲಾ ಹಂಸವಾ ಎಂದು ಜಗಳವಾಡುತ್ತಿದ್ದರು. ಮಾಟುಂಗದಲ್ಲಿರುವ ಚಿಕ್ಕಮ್ಮ, ಅಮ್ಮನ ಒಬ್ಬಳೇ ತಂಗಿ, ಒಂದು ಚುಕ್ಕಿ ಹೆಚ್ಚಾಗಿದ್ದರೂ ಫೋನ್ ಮಾಡಿ ಹೇಳುತ್ತಿದ್ದಳು. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಅಮ್ಮ "ಯಾರ್ಯಾರು ಬಂದಿದ್ರು?" ಎಂದು ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ, ಅವಳು ಕೇಳುತ್ತಿದ್ದಳು. ಒಂದು ವರ್ಷಕ್ಕೂ ಮೀರಿ ಹೀಗೇ ನಡೆಯಿತು. ನನ್ನ ಬದುಕಿನಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಅದೊಂದೇ ಪೂರ್ತಿ ಸರಿಯಾಗಿ ಬಂದದ್ದು ಎಂದು ಈಗಲೂ ಅನ್ನಿಸುತ್ತದೆ.

ಆ ಬುಧವಾರ ನಲ್ಲಿಯ ನೀರು ಬೇಗ ನಿಲ್ಲುತ್ತದೆಂದು ಹಿಂದಿನ ದಿನವೇ ಚೀಟಿ ಹಚ್ಚಿದ್ದರು. ಅಮ್ಮ ಬಕೆಟ್ಟು, ಕೊಳಗ ಎಂದು ತುಂಬಿಸುವ ಗಡಿಬಿಡಿಯಲ್ಲಿದ್ದಳು. ರಂಗೋಲಿ ಚಿಕ್ಕದೊಂದು ಹಾಕಿದಳು, ನಾಲ್ಕು ದಳದ ಹೂವು, ಅಷ್ಟೇ. ಕೊನೆಯ ಎಳೆ ಇನ್ನೂ ಕೂಡಿರಲಿಲ್ಲ, ಅಷ್ಟರಲ್ಲಿ ಒಳಗೆ ಬಕೆಟ್ ತುಂಬಿ ಹರಿಯುವ ಸದ್ದು ಕೇಳಿಸಿ ಎದ್ದಳು.

"ಪೂರ್ತಿ ಮಾಡಮ್ಮ."

"ಇವತ್ತು ಬಿಡೇ, ನಾಳೆ ದೊಡ್ಡದು ಹಾಕ್ತೀನಿ" ಎಂದು, ಒದ್ದೆ ಬೆರಳಿನಿಂದ "ಹೂಂ" ಒತ್ತಿ ಓಡಿದಳು.

ಮಧ್ಯಾಹ್ನ ಅಪ್ಪನ ಫೋನ್ ಬಂತು. ಎದೆ ಹಿಡಿದುಕೊಂಡು ಕೂತಳಂತೆ, ಎಬ್ಬಿಸಿದರೆ ಏಳಲಿಲ್ಲವಂತೆ. ಯೂನಿಟ್ಟಿನಿಂದ ಮನೆಗೆ ರಿಕ್ಷಾದಲ್ಲಿ ಎಷ್ಟು ದೂರ ಮಹಾ. ಆದರೂ ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಪ್ಪ ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕುತ್ತಿದ್ದರು, ಫ್ಯಾನು ಜೋರು ಮಾಡಲೇ ಎಂದು ಕೇಳುತ್ತಿದ್ದರು.

ಚಿಕ್ಕಮ್ಮ ಮಾಟುಂಗದಿಂದ ಬಂದವಳು ಅಕ್ಕನ ಮುಖ ನೋಡಿ ಅತ್ತು, ಕಣ್ಣೊರೆಸಿಕೊಂಡು ಎದ್ದಳು. ಒದ್ದೆ ಬಟ್ಟೆ ತೆಗೆದುಕೊಂಡು ಬಾಲ್ಕನಿಗೆ ಹೋದಳು. ಸಾವಿನ ಮನೆಯಲ್ಲಿ ರಂಗೋಲಿ ಇರಬಾರದು, ಅದು ನನಗೂ ಗೊತ್ತು. ಆದರೆ ಹೋಗಿ ತಡೆಯಬೇಕು ಎನ್ನುವಷ್ಟರಲ್ಲಿ ಕಲ್ಲು ಕಪ್ಪಗೆ, ಒದ್ದೆಯಾಗಿ ಹೊಳೆಯುತ್ತಿತ್ತು.

ಉಳಿದದ್ದು ಸೈಟಿನಲ್ಲಿದ್ದದ್ದು ಒಂದೇ. ಚಿಕ್ಕಮ್ಮ ಅದನ್ನೂ ಬಿಡಲಿಲ್ಲ. ಮರುದಿನ ಪಕ್ಕಕ್ಕೆ ಕರೆದು, "ಮೊಬೈಲಲ್ಲಿ ಇರೋದನ್ನೂ ತೆಗ್ದುಬಿಡೇ. ಎಲ್ರೂ ನೋಡ್ತಿರ್ತಾರೆ, ಚೆನ್ನಾಗಿರಲ್ಲ" ಎಂದಳು.

"ನೆಟ್ ಇಲ್ಲ ಚಿಕ್ಕಮ್ಮ."

"ನನ್ ಫೋನಲ್ಲಿ ಬರ್ತಿದ್ಯಲ್ಲ!"

"ನಿನ್ನ ಕಂಪನಿ ಬೇರೆ, ನನ್ನ ಕಂಪನಿ ಬೇರೆ."

ಅವಳೇನು ದಡ್ಡಿಯೇ? ನನ್ನನ್ನೇ ನೋಡಿದಳು. "ಅಕ್ಕ ಇದ್ದಿದ್ರೆ ಒಪ್ತಿದ್ಲಾ ಹೇಳು" ಎಂದಳು. ನನಗೆ ಉರಿದುಹೋಯಿತು. ಅಕ್ಕ ಇದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲವಲ್ಲ ಎಂದು ಕಿರುಚಿದೆ. ಒಳಗಿನಿಂದ ಯಾರೋ ಬಂದು ಸಮಾಧಾನ ಮಾಡಿದರು. ಆಮೇಲೆ ಚಿಕ್ಕಮ್ಮ ಆ ಮಾತೆತ್ತಲಿಲ್ಲ. ಅವಳ ಕಣ್ಣೂ ಊದಿಕೊಂಡಿತ್ತು, ನಾನು ಆಗ ಅದನ್ನು ಗಮನಿಸಲಿಲ್ಲ.

ಆ ದಿನಗಳಲ್ಲಿ ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಆ ಪುಟ ತೆರೆಯುತ್ತಿದ್ದೆ. ಅಮ್ಮ ಎಷ್ಟೆಲ್ಲ ಹಾಕಿದ್ದಳು, ಕಣ್ಣಿಗೆ ಕಟ್ಟುವಂಥ ತೇರು, ಬಳ್ಳಿ, ಸುತ್ತಿ ಸುತ್ತಿ ಮೊದಲಿನ ಚುಕ್ಕಿಗೇ ಬಂದು ಕೂಡುವ ಎಳೆ. ಅದೆಲ್ಲ ಹೋಗಿ ಉಳಿದದ್ದು ಈ ಅವಸರದ ಹೂವು, ಅದೂ ಅರೆಬರೆ. ಅಮ್ಮನ ಮೇಲೇ ಸಿಟ್ಟು ಬರುತ್ತಿತ್ತು. ಒಂದನ್ನೂ ಇಟ್ಟುಕೊಳ್ಳಲು ಬಿಡಲಿಲ್ಲವಲ್ಲ, ಎಲ್ಲವನ್ನೂ ನನ್ನ ಕೈಯಲ್ಲೇ ಗುಡಿಸಿ ಹಾಕಿಸಿದೆಯಲ್ಲ ಎಂದು. ಆ ಸಿಟ್ಟಿನಲ್ಲೇ ಅಳು ಬರುತ್ತಿತ್ತು, ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದೆ. ಹೊರಗೆ ಬಂದರೆ ಅಪ್ಪ ಗೋಡೆಯ ಕಡೆ ತಿರುಗಿ ಮಲಗಿ ಫೋನ್ ನೋಡುತ್ತಿರುತ್ತಿದ್ದರು. ಊರಿನವರ ಮೆಸೇಜುಗಳೇನೋ ಎಂದುಕೊಂಡೆ.

ಹದಿಮೂರನೆಯ ದಿನ ಶುಭಸ್ವೀಕಾರ. ಸೂತಕ ಕಳೆದು ಮನೆ ಮತ್ತೆ ಮನೆಯಾಗುವ ದಿನ, ಅಂದು ಬಾಗಿಲಿಗೆ ರಂಗೋಲಿ ಬರಲೇಬೇಕು. ಚಿಕ್ಕಮ್ಮ ಡಬ್ಬಿ ತಂದು ನನ್ನ ಕೈಗಿಟ್ಟು, "ಮನೆಮಗಳು, ನೀನೇ ಹಾಕು" ಎಂದಳು. ಬಾಲ್ಕನಿಯ ಕಲ್ಲಿನ ಮುಂದೆ ಕೂತೆ. ಇಷ್ಟು ವರ್ಷ ನೋಡಿದವಳು ನಾನು, ಒಂದು ದಿನವೂ ಕೈಯಿಟ್ಟವಳಲ್ಲ. ಚುಕ್ಕಿಗಳು ಒಂದು ದೊಡ್ಡದು, ಒಂದು ಸಣ್ಣದು. ಎಳೆ ಸೊಟ್ಟ ಸೊಟ್ಟ. ಚಿಕ್ಕಮ್ಮ "ಇರ್ಲಿ ಬಿಡು, ಆಯ್ತು" ಎಂದು ಅಡುಗೆಯವರನ್ನು ನೋಡಿಕೊಳ್ಳಲು ಹೋದಳು.

ನಾನು ಫೋನ್ ತೆಗೆದೆ. ಫೋಟೋ ಹಿಡಿದೆ. "ನಿನ್ನೆಯದನ್ನು ಅಳಿಸಲೇ?" ಎಂದು ಕೇಳಿತು.

ಅಮ್ಮನದನ್ನು ಇಳಿಸಿಕೊಂಡು ಎಲ್ಲಾದರೂ ಇಟ್ಟುಕೊಳ್ಳಬಹುದಿತ್ತು. ಅದಕ್ಕೆ ಎರಡು ಸಲ ಬೆರಳು ಒತ್ತಿದರೆ ಸಾಕು. ಆ ಬೆರಳು ಎಷ್ಟೋ ಹೊತ್ತು ಗಾಜಿನ ಮೇಲೆ ನಿಂತಿತ್ತು. ನನಗೆ ಬೇಕಿತ್ತು, ಬಹಳ ಬೇಕಿತ್ತು. ಆದರೆ ಅಮ್ಮ ನನ್ನ ಹತ್ತಿರ ಹಟ ಹಿಡಿದು ಕೇಳಿದ್ದು ಇದೊಂದನ್ನೇ. ಎರಡು ದಿನ ಮಾತು ಬಿಟ್ಟು ಗೆದ್ದಿದ್ದಳು. ಅವಳು ಇಲ್ಲದ ಹೊತ್ತಿನಲ್ಲಿ ಕದ್ದು ಅವಳನ್ನು ಸೋಲಿಸಲು ಮನಸ್ಸಾಗಲಿಲ್ಲ. ಅರ್ಧಕ್ಕೆ ಬಿಟ್ಟ ಅವಸರದ ಹೂವೇ ತನ್ನ ಕೊನೆಯ ಗುರುತಾಗಿ ಉಳಿಯುವುದನ್ನು ಅವಳು ಒಪ್ಪುತ್ತಲೂ ಇರಲಿಲ್ಲ. ನಿನ್ನ ಮಾತೇ ಆಗಲಿ ಅಮ್ಮ ಎಂದು ಬಾಯಿಬಿಟ್ಟೇ ಹೇಳಿ "ಹೂಂ" ಒತ್ತಿದೆ.

ಎದೆ ಹಗುರವಾದಂತೆ ಕೂಡ ಅನಿಸಿತು, ಸ್ವಲ್ಪ ಹೊತ್ತು.

ಎಲೆ ಹಾಕುವ ಮೊದಲು ಅಪ್ಪ ಬಾಲ್ಕನಿಗೆ ಬಂದರು. ಕೈಯಲ್ಲಿ ಫೋನ್ ಇತ್ತು, ಕನ್ನಡಕ ಹಣೆಯ ಮೇಲಿತ್ತು. "ಇದ್ಯಾಕೋ ಬೇರೆ ಬರ್ತಿದೆ" ಎಂದು ತೋರಿಸಿದರು. ಕೆಮ್ಮಣ್ಣಿನ ಬಣ್ಣದ ಮೇಲೆ ನನ್ನ ಸೊಟ್ಟ ರಂಗೋಲಿ.

"ಅದು ನಾನು ಹಾಕಿದ್ದು ಅಪ್ಪ. ಇವತ್ತಿಂದು."

"ಹೂಂ, ಅದು ಗೊತ್ತಾಯ್ತು. ಅವಳದೆಲ್ಲಿ? ನಿನ್ನೆ ರಾತ್ರಿ ಕೂಡ ಇತ್ತು."

ಆಗ ನನಗೆ ತಿಳಿಯಿತು. ಅಷ್ಟೂ ದಿನ ಗೋಡೆಯ ಕಡೆ ತಿರುಗಿ ಅವರು ನೋಡುತ್ತಿದ್ದದ್ದು ಅದನ್ನೇ. ಕಲ್ಲಿನ ಮೇಲಿದ್ದದ್ದನ್ನು ಚಿಕ್ಕಮ್ಮ ಒರೆಸಿದ ದಿನದಿಂದ ಅವರಿಗೆ ಉಳಿದಿದ್ದ ಜಾಗ ಆ ಪುಟವೊಂದೇ.

"ಅಳಿಸಿದೆ ಅಪ್ಪ."

"ಬೇರೆ ಎಲ್ಲೂ ಇಟ್ಟಿಲ್ವಾ?"

"ಇಲ್ಲ."

"ಯಾಕಮ್ಮ?"

"ಅಮ್ಮ ಹೇಳಿದ್ಳಲ್ಲ. ನಿನ್ನೇದು ಬಾಗಿಲಲ್ಲಿ ಇರ್ಬಾರ್ದು ಅಂತ."

ಅಪ್ಪ ಫೋನನ್ನು ಜೇಬಿಗೆ ಹಾಕಿಕೊಳ್ಳಲು ಹೋದರು. ಜೇಬು ಸಿಗಲಿಲ್ಲ. "ಅವಳು ಹೇಳಿದ್ದನ್ನೆಲ್ಲ ಕೇಳ್ಬೇಕಾಗಿತ್ತಾ" ಎಂದರು. ಆಮೇಲೆ ಬಾಲ್ಕನಿಯ ಕಂಬಿ ಹಿಡಿದುಕೊಂಡು ಅತ್ತರು. ಮಸಣದಲ್ಲೂ ಅಳದವರು, ಒಳಗೆ ಊಟಕ್ಕೆ ಜನ ಕೂರುತ್ತಿರುವಾಗ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ನಾನು ಅವರ ಬೆನ್ನ ಮೇಲೆ ಕೈ ಇಡಲು ಹೋಗಿ, ಕೈಗೆಲ್ಲ ಪುಡಿ ಇದ್ದುದರಿಂದ ಹಾಗೇ ನಿಂತೆ.

ಆ ಸಂಜೆ ನಾನು ಮಾಡಬಹುದಾದ್ದನ್ನೆಲ್ಲ ಮಾಡಿದೆ. ಸೈಟಿಗೆ ಬಿಟ್ಟಿ ಜಾಗ ಕೊಟ್ಟಿದ್ದ ಹೋಸ್ಟಿಂಗಿನವರು ಹಳೆಯ ಪ್ರತಿ ಇಟ್ಟಿರುವುದಿಲ್ಲ, ಅದು ಗೊತ್ತಿದ್ದೂ ಕೇಳಿದೆ. ಅಪ್ಪನ ಫೋನನ್ನೂ ನನ್ನ ಫೋನನ್ನೂ ಜಾಲಾಡಿದೆ. ಕೊನೆಗೆ ಹಳೆಯ ಬಿಲ್ಡಿಂಗಿನ ಗ್ರೂಪಿನಲ್ಲಿ ಬರೆದೆ. ಅಮ್ಮನ ರಂಗೋಲಿ ಯಾವುದಾದರೂ ಸರಿ, ಯಾವತ್ತಿನದಾದರೂ ಸರಿ, ಯಾರಾದರೂ ತೆಗೆದಿಟ್ಟುಕೊಂಡಿದ್ದರೆ ದಯವಿಟ್ಟು ಕಳಿಸಿ ಎಂದು. ಇಲ್ಲ, ಇಲ್ಲ ಎಂದು ಒಬ್ಬೊಬ್ಬರೇ ಬರೆದರು, ಕೆಲವರು ಕೈಮುಗಿದ ಚಿತ್ರ ಹಾಕಿದರು. ಎಲ್ಲರಿಗಿಂತ ಕೊನೆಗೆ ಕಾಕು ಬರೆದರು, ಬಹಳ ಹೊತ್ತು ಹುಡುಕಿದೆ ಮಗಳೇ, ಒಂದೂ ಇಲ್ಲ, ಬೆಳಗಾದರೆ ಹೊಸದು ಬರುತ್ತದಲ್ಲ ಎಂದು ಯಾವುದನ್ನೂ ಇಟ್ಟುಕೊಳ್ಳಲಿಲ್ಲ.